ಗೇರ್ ಬದಲಿಸದೆ ಹತ್ತಬೇಕಾದ ಗಂಟಲು

ಆ ಕಾಲಕ್ಕೆ ನನ್ನ ಗಂಟಲಿನಲ್ಲಿ ಅರ್ಧ ಬಸವನಗುಡಿ ಬಾಡಿಗೆಗಿತ್ತು. ನಮ್ಮ ಮನೆ ಮಾಲೀಕರ ಕೆಮ್ಮು, ಪಕ್ಕದ ಮನೆಯ ಕುಕ್ಕರ್ ಕೂಗುವ ಮುಂಚೆ ಹಾಕುವ ಗೊರಕೆ, ಮಾರ್ಕೆಟ್ ಬಸ್ಸಿನ ಕಂಡಕ್ಟರು ಒಳಗೆ ಜಾಗವಿದೆ ಎಂದು ಸುಳ್ಳು ಹೇಳುವಾಗ ಎಳೆಯುವ ರಾಗ, ಅಪ್ಪ ಸೀನುವುದಕ್ಕೆ ಮೊದಲು ಮಾಡಿಕೊಳ್ಳುವ ಸಿದ್ಧತೆ, ಎಲ್ಲವೂ ಅಲ್ಲಿದ್ದವು. ಯಾವ ಮನೆಯ ಗೇಟಿನ ಕೀಲು ಹೇಗೆ ಅಳುತ್ತದೆ ಎಂದು ಕೇಳಿದರೂ ಮಾಡಿ ತೋರಿಸುತ್ತಿದ್ದೆ. ಇಷ್ಟು ಜನರ ನಡುವೆ ನನಗೊಂದು ರೂಮು ಉಳಿದಿದೆಯೇ ಎಂದು ಮಾತ್ರ ಯಾವತ್ತೂ ನೋಡಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿತ್ತು. ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದೆ, ಅಂದರೆ ಕಾಲೇಜಿನ ಹಾಜರಿ ಪುಸ್ತಕದಲ್ಲಿದ್ದೆ. ಗಣೇಶನ ಹಬ್ಬ ಬಂದರೆ ನಮ್ಮ ಕಡೆ ಬೀದಿಗೊಂದು ಪೆಂಡಾಲ್, ಪೆಂಡಾಲಿಗೊಂದು ಆರ್ಕೆಸ್ಟ್ರಾ. ನಾನಿದ್ದ ಆರ್ಕೆಸ್ಟ್ರಾವನ್ನು ನಡೆಸುತ್ತಿದ್ದವರು ಹಗಲು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು, ಸಂಜೆ ಮಿಂಚುವ ಕೋಟು ತೊಟ್ಟ ನಿರೂಪಕರು. ಎಲ್ಲರೂ ಅವರನ್ನು ಅಣ್ಣ ಎನ್ನುತ್ತಿದ್ದೆವು. ಅವರ ಅಪ್ಪನ ವಯಸ್ಸಿನ ತಬಲಾದವರೂ ಅಣ್ಣ ಎನ್ನುತ್ತಿದ್ದರು.

ಅಲ್ಲಿ ನನ್ನ ಕೆಲಸ ಹಾಡುಗಾರರು ನೀರು ಕುಡಿಯುವಷ್ಟು ಹೊತ್ತು ಜನರನ್ನು ನಗಿಸುವುದು. ಒಂದು ಸಲ ಚಾಮರಾಜಪೇಟೆಯಲ್ಲಿ ಮೆರವಣಿಗೆಯೊಂದು ಅಡ್ಡ ಬಂದು ನಮ್ಮ ಹಾಡುಗಾರ್ತಿ ಆಟೋದಲ್ಲೇ ಸಿಕ್ಕಿಹಾಕಿಕೊಂಡರು. ವೇದಿಕೆಯ ಮೇಲೆ ಯುಗಳಗೀತೆಯ ಮ್ಯೂಸಿಕ್ ಶುರುವಾಗಿಬಿಟ್ಟಿತ್ತು. ಅಣ್ಣ ನನ್ನ ಬೆನ್ನಿಗೆ ಕೈ ಹಾಕಿ ನೂಕಿದರು. ಬಲಕ್ಕೆ ತಿರುಗಿ ಗಂಡಾದೆ, ಎಡಕ್ಕೆ ತಿರುಗಿ ಹೆಣ್ಣಾದೆ, ನನಗೆ ನಾನೇ ಪ್ರೀತಿಯ ಉತ್ತರ ಕೊಟ್ಟುಕೊಂಡೆ. ಜನ ಕುರ್ಚಿಯ ಮೇಲೆ ಹತ್ತಿ ನಿಂತರು. ಅವತ್ತಿನಿಂದ ‘ಒಬ್ಬನೇ ಡ್ಯುಯೆಟ್’ ಎಂಬ ಐಟಂ ಖಾಯಂ ಆಯಿತು. ಹಾಡುಗಾರ್ತಿ ಸಮಯಕ್ಕೆ ಸರಿಯಾಗಿ ಬಂದ ದಿನವೂ ಅವರನ್ನು ಪಕ್ಕದಲ್ಲಿ ಕೂರಿಸಿ ನಾನು ಅವರ ಕೆಲಸ ಮಾಡುತ್ತಿದ್ದೆ. ಅವರು ನನ್ನನ್ನು ನೋಡುತ್ತಿದ್ದ ರೀತಿಯನ್ನೂ ಮಾಡಿ ತೋರಿಸಬಲ್ಲೆ.

ಆದರೆ ನನಗೆ ಬೇಕಾಗಿದ್ದದ್ದು ಇದಲ್ಲ. ಒಂದೇ ಒಂದು ಹಾಡು, ಮೊದಲಿನಿಂದ ಕೊನೆಯವರೆಗೆ, ಯಾರ ಹಾಗೂ ಅಲ್ಲದೆ ಹಾಡಬೇಕಿತ್ತು. ಮೈಕಿನಲ್ಲಿ ಅಣ್ಣ ನನ್ನ ಹೆಸರು ಹೇಳುವಾಗ ಹಿಂದೆ ‘ಮಿಮಿಕ್ರಿ’ ಅಂಟಿಸಬಾರದಿತ್ತು. ಕೇಳಿ ಕೇಳಿ ಸಾಕು ಮಾಡಿದೆ. ಅಣ್ಣ ಪ್ರತಿ ಸಲವೂ ಅದೇ ಉತ್ತರ ಕೊಡುತ್ತಿದ್ದರು.

“ನೀನು ಹಾಡಲ್ಲ ಕಣೋ. ಹಾಡೋರ ಥರ ಮಾಡ್ತೀಯ.”

ಸೀಸನ್ನಿನ ಕೊನೆಯ ಪೆಂಡಾಲು ವಿಶ್ವೇಶ್ವರಪುರದಲ್ಲಿ. ಆ ದಿನ ಅಣ್ಣ ಯಾಕೋ ಕರಗಿ, ಹಾಡಿಕೋ ಹೋಗು ಎಂದರು. ನಾನು ಹಿಡಿದದ್ದು ಒಂದು ಹಳೆಯ ಚಿತ್ರಗೀತೆ. ಅದರ ಚರಣದಲ್ಲಿ ಒಂದು ಸಾಲಿದೆ. ಕೆಳಗಿನಿಂದ ಹೊರಟು, ಎಲ್ಲೂ ನಿಲ್ಲದೆ, ಒಂದೇ ಉಸಿರಿನಲ್ಲಿ ಮೆಲ್ಲಗೆ ಮೇಲಕ್ಕೆ ಹೋಗುತ್ತದೆ. ನನಗೆ ಕೆಳಗೆ ಗಂಡಸಿನ ಧ್ವನಿಯಿತ್ತು, ಎದೆಯಿಂದ ಬರುವ ದಪ್ಪ ಧ್ವನಿ. ಮೇಲೆ ಹೆಂಗಸಿನ ಧ್ವನಿಯಿತ್ತು, ಸಂಗೀತದವರು ಕಳ್ಳಧ್ವನಿ ಎನ್ನುವ ತೆಳು ಧ್ವನಿ. ಡ್ಯುಯೆಟ್ಟಿನಲ್ಲಿ ಎಡ ಬಲ ತಿರುಗುವಾಗ ಒಂದರಿಂದ ಇನ್ನೊಂದಕ್ಕೆ ಹಾರಿಬಿಡುತ್ತಿದ್ದೆ. ಈ ಸಾಲಿನಲ್ಲಿ ಹಾರುವ ಹಾಗಿಲ್ಲ, ನಡೆದೇ ಹೋಗಬೇಕು. ನಡೆಯಲು ಹೋದೆ. ಮೇಲಿನ ಷಡ್ಜ ದಾಟಿದ ಕೂಡಲೇ ಕಾಲ ಕೆಳಗೆ ಏನೂ ಇರಲಿಲ್ಲ. ಧ್ವನಿ ಎರಡು ತುಂಡಾಗಿ, ಒಂದು ತುಂಡು ಗಂಟಲಲ್ಲೇ ಉಳಿದು, ಇನ್ನೊಂದು ಮೈಕಿನಿಂದ ಕಿರುಚಿಕೊಂಡು ಹೊರಗೆ ಬಂತು.

ಮುಂದಿನ ಸಾಲಿನವರು ಗಕ್ಕನೆ ತಲೆ ಎತ್ತಿದರು. ನಾನು ಅಭ್ಯಾಸಬಲದಿಂದ ಆ ಕಿರುಚಲನ್ನೇ ಎಳೆದು ಕೋಳಿ ಕೂಗು ಮಾಡಿಬಿಟ್ಟೆ. ಇಡೀ ಪೆಂಡಾಲು ಬಿದ್ದು ಬಿದ್ದು ನಕ್ಕಿತು. ಆ ವರ್ಷ ನನಗೆ ಸಿಕ್ಕ ದೊಡ್ಡ ಚಪ್ಪಾಳೆ ಅದೇ. ಕೆಳಗಿಳಿದಾಗ ಅಣ್ಣ ಬೆನ್ನು ತಟ್ಟಿ, ಕೋಳಿ ಚೆನ್ನಾಗಿದೆ, ಇಟ್ಕೋ ಎಂದರು.

ಮರುದಿನ ಎದ್ದರೆ ಧ್ವನಿಯೇ ಇಲ್ಲ. ಪ್ರೋಗ್ರಾಮಿನ ಮರುದಿನ ಹೀಗಾಗುವುದು ಮಾಮೂಲು, ಮಧ್ಯಾಹ್ನದ ಹೊತ್ತಿಗೆ ಅದಾಗಿ ಅದೇ ವಾಪಸ್ಸು ಬರುತ್ತಿತ್ತು. ಈ ಸಲ ಬರಲಿಲ್ಲ. ವಾರ ಕಳೆದರೂ ಗಂಟಲಿನಿಂದ ಮರಳುಕಾಗದ ಉಜ್ಜಿದ ಸದ್ದು ಮಾತ್ರ. ಅಮ್ಮ ಮಲ್ಲೇಶ್ವರದ ಒಬ್ಬ ಕಿವಿ ಮೂಗು ಗಂಟಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅವರು ನನ್ನ ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದೆಳೆದು, ಪುಟ್ಟ ಕನ್ನಡಿಯೊಂದನ್ನು ಬಾಯೊಳಗೆ ಇಳಿಸಿ ನೋಡಿದರು. ಧ್ವನಿ ಹೊರಡಿಸುವ ತಂತುಗಳು ಎರಡೂ ಊದಿಕೊಂಡಿವೆ, ಹೀಗೇ ಮುಂದುವರಿದರೆ ಗಂಟು ಕಟ್ಟುತ್ತದೆ, ಆಮೇಲೆ ಕತ್ತರಿ ಹಾಕಬೇಕಾಗಬಹುದು ಎಂದರು. ಹುಡುಗ ಏನು ಮಾಡ್ತಾನೆ ಎಂದು ಕೇಳಿದರು. ಅಮ್ಮ ತುಸು ಯೋಚಿಸಿ, ಎಲ್ಲರನ್ನೂ ಆಡಿಕೊಳ್ತಾನೆ ಎಂದರು.

ಡಾಕ್ಟರು ಹೇಳಿದ್ದು ಸ್ವಲ್ಪವೇ. ಮೊದಲು ಬಾಯಿ ಮುಚ್ಚಿಕೊಂಡಿರಬೇಕು, ಪಿಸುಮಾತೂ ಕೂಡದು. ಆಮೇಲೆ ಸರಿಯಾಗಿ ಹಾಡಲು ಕಲಿಯಬೇಕು, ಇಲ್ಲವೇ ಹಾಡುವುದನ್ನೇ ಬಿಡಬೇಕು.

ಬಾಯಿ ಮುಚ್ಚಿದ ಆ ದಿನಗಳಲ್ಲಿ ನಮ್ಮ ಬೀದಿಯೇ ನನಗೆ ವೈದ್ಯ ಮಾಡಿತು. ಒಬ್ಬರು ಮೆಣಸಿನ ಕಷಾಯ ತಂದರು, ಇನ್ನೊಬ್ಬರು ಅತಿಮಧುರದ ಬೇರು ಅಗಿಯಲು ಕೊಟ್ಟರು. ಮನೆ ಮಾಲೀಕರು ಬಂದು, ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸು ಎಂದು ಹೇಳುವಾಗ ನಡುವೆ ತಮ್ಮ ಆ ಸುಪ್ರಸಿದ್ಧ ಕೆಮ್ಮನ್ನು ಕೆಮ್ಮಿದರು. ಅದನ್ನು ತಕ್ಷಣ ಮಾಡಿ ತೋರಿಸಲಾಗದೆ ನನಗೆ ಹೊಟ್ಟೆ ಉರಿಯಿತು. ಅಮ್ಮ ಮಾತ್ರ ಮನೆ ಈಗ ಮನೆ ಥರ ಇದೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದರು.

ಅಣ್ಣ ನೋಡಲು ಬಂದಾಗ ಒಂದು ಮಾತು ಕೊಟ್ಟರು. ಮುಂದಿನ ಗಣೇಶನಿಗೆ ಅದೇ ಹಾಡು, ಅದೇ ವಿಶ್ವೇಶ್ವರಪುರದ ಪೆಂಡಾಲು, ಹಾಡುಗಾರ ಎಂದೇ ಕರೆದು ಮೈಕು ಕೊಡುತ್ತೇನೆ ಎಂದರು. “ಆವಾಗ್ಲೂ ಕೋಳಿ ಕೂಗ್ತು ಅಂದ್ರೆ, ಇನ್ಮೇಲೆ ಕೇಳ್ಬೇಡ. ಮಿಮಿಕ್ರಿನೇ ಗತಿ ನಿಂಗೆ.” ನಾನು ಮಾತಾಡುವ ಹಾಗಿರಲಿಲ್ಲ, ತಲೆಯಾಡಿಸಿದೆ.

ಅಮ್ಮನಿಗೆ ಗೊತ್ತಿದ್ದ ಒಬ್ಬರು ಸಂಗೀತದ ಮೇಡಂ ಗವಿಪುರಂನಲ್ಲಿದ್ದರು. ಹೈಸ್ಕೂಲಿನಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಗುಹೆಯ ದೇವಸ್ಥಾನದಿಂದ ಸ್ವಲ್ಪ ದೂರ, ಏರು ರಸ್ತೆಯ ನಡುಮಧ್ಯದಲ್ಲಿ ಮನೆ. ಬೆಳಿಗ್ಗೆ ಆರಕ್ಕೆ ಬಾ ಎಂದಿದ್ದರು. ಆ ಹೊತ್ತಿಗೆ ಎದ್ದವರ ಧ್ವನಿ ಹೇಗಿರುತ್ತದೆಂದು ನನಗೆ ಗೊತ್ತಿರಲಿಲ್ಲ, ಆದ್ದರಿಂದ ಅದನ್ನು ಅನುಕರಿಸಲೂ ಬರುತ್ತಿರಲಿಲ್ಲ.

ಹಾಡು ಎಂದರು. ಹಾಡಿದೆ. ಮುಗಿಯುವವರೆಗೂ ಅವರು ಮುಂದಿದ್ದ ಮೊರದಲ್ಲಿ ಅವರೆಕಾಯಿ ಬಿಡಿಸುತ್ತಲೇ ಇದ್ದರು.

“ಇದು ರೇಡಿಯೋದಲ್ಲಿ ಬರೋರು ಹಾಡ್ದಂಗಿತ್ತು. ಈಗ ನೀನು ಹಾಡು.”

ಮತ್ತೆ ಹಾಡಿದೆ. ಇದು ಇನ್ನೊಬ್ಬರು ಎಂದರು. ಮೂರನೆಯ ಸಲ ಬಹಳ ಎಚ್ಚರಿಕೆಯಿಂದ, ಯಾರನ್ನೂ ನೆನೆಯದೆ ಹಾಡಿದೆ. ಅವರು ತಲೆ ಎತ್ತಿ ನೋಡಿದರು. ಇದು ನಾನು ಎಂದರು. ಹೌದು, ಅಷ್ಟು ಹೊತ್ತು ಅವರ ಮಾತು ಕೇಳಿ ಕೇಳಿ, ಗೊತ್ತಿಲ್ಲದೆ ಅವರ ಧ್ವನಿಯೇ ಬಾಯಿಗೆ ಬಂದಿತ್ತು. ನನಗೆ ನಗು ಬಂತು, ಅವರಿಗೆ ಬರಲಿಲ್ಲ.

ಆಮೇಲೆ ಹಾಡಿನ ಮಾತು ಬಿಟ್ಟು ಲೋಕಾಭಿರಾಮ ಶುರು ಮಾಡಿದರು. ಅಮ್ಮ ಚೆನ್ನಾಗಿದ್ದಾರಾ, ಎದ್ದು ಕಾಫಿ ಕುಡಿದೆಯಾ. ನಾನು ಅರೆಮನಸ್ಸಿನಿಂದ ‘ಹೂಂ’ ಎಂದೆ. ತಕ್ಷಣ ಹಾರ್ಮೋನಿಯಂನ ಮೊದಲ ಬಿಳಿ ಕೀ ಮೇಲೆ, ಸಂಗೀತದವರು ಒಂದನೇ ಮನೆ ಎನ್ನುವುದರ ಮೇಲೆ, ಬೆರಳಿಟ್ಟು, ಇನ್ನೊಂದು ಸಲ ಅನ್ನು ಎಂದರು. ಹೂಂ. ಬೆರಳನ್ನು ಪಕ್ಕದ ಕಪ್ಪು ಮನೆಗೆ ಸರಿಸಿದರು. ಹೂಂ. ಸದ್ದು ಸದ್ದಿಗೆ ಕೂಡಿತು. ಒಂದೂವರೆ ಮನೆ, ಇದು ನಿನ್ನ ಶ್ರುತಿ ಎಂದರು. ನಾನು ಅಲ್ಲಿಯವರೆಗೆ ಮೂರು ಮನೆಯ ಶ್ರುತಿಯಲ್ಲಿ ಕಿರುಚುತ್ತಿದ್ದೆ, ಯಾಕೆಂದರೆ ಹೆಸರಾದ ಹಾಡುಗಾರರೊಬ್ಬರದು ಅದಂತೆ. ಇನ್ನೊಬ್ಬರ ಅಳತೆಯ ಚಪ್ಪಲಿ ಹಾಕಿಕೊಂಡು ಕಾಲು ನೋವು ಎನ್ನುತ್ತಿದ್ದೆ.

ನನ್ನ ಧ್ವನಿ ಸಿಕ್ಕಿದ್ದಕ್ಕೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಇಷ್ಟೇನಾ ಎನಿಸಿತು. ಲೈಟ್ ಬಿಲ್ ಕಟ್ಟುವ ಕ್ಯೂನಲ್ಲಿ ನಿಂತ ಯಾರದಾದರೂ ಆಗಬಹುದಾಗಿದ್ದ ಧ್ವನಿ.

ಅಲ್ಲಿಂದ ಮುಂದಿನ ತಿಂಗಳುಗಳನ್ನು ನೆನೆದರೆ ಈಗಲೂ ಹಲ್ಲು ಕಡಿಯುವಂತಾಗುತ್ತದೆ. ಅದೂ ಮಾಡಬಾರದು, ದವಡೆ ಬಿಗಿಯುತ್ತದಂತೆ. ಮೇಡಂ ಹಾಡನ್ನು ಹತ್ತಿರಕ್ಕೂ ಬಿಡಲಿಲ್ಲ. ಬಾಯಿ ಮುಚ್ಚಿ ‘ಮ್’ ಎನ್ನುತ್ತಾ ಮಂದ್ರದಲ್ಲಿ, ಅಂದರೆ ತೀರಾ ಕೆಳಗಿನ ಸ್ವರಗಳಲ್ಲಿ, ಕೂರಬೇಕು. ಒಂದು ಸ್ವರ ಹಿಡಿದರೆ ಉಸಿರು ತೀರುವವರೆಗೆ ಅಲ್ಲಾಡಬಾರದು. ಗಂಟಲು ಕೆರೆಯುತ್ತಿದೆ ಎಂದು ಕೇಕರಿಸಿದರೆ, ಅದೇ ನಿನ್ನ ಗಂಟಲು ಕೆಡಿಸಿದ್ದು, ಎಂಜಲು ನುಂಗು ಎನ್ನುತ್ತಿದ್ದರು. ನಾನು ಸ್ವರ ಏರಿಸಿದಂತೆಲ್ಲ ಭುಜ ಏರಿಸುತ್ತೇನೆ ಎಂದು ಅವರಿಗೆ ಬೇಗ ಗೊತ್ತಾಯಿತು. ಅದಕ್ಕೆ ಅವರು ಕಂಡುಕೊಂಡ ಮದ್ದು ಮುಂದಿದ್ದ ಮೊರ. ನೆನೆಸಿಟ್ಟ ಅವರೆಕಾಳನ್ನು ನನ್ನ ಮುಂದೆ ತಳ್ಳಿ, ಹಿತುಕುತ್ತಾ ಹಾಡು ಎಂದರು. ಹೆಬ್ಬೆರಳು ತೋರುಬೆರಳಿನ ನಡುವೆ ಕಾಳು ಹಿಡಿದು ಮೆತ್ತಗೆ ಒತ್ತಿದರೆ ಸಿಪ್ಪೆಯಿಂದ ಬೇಳೆ ಜಾರಿ ಬರುತ್ತದೆ. ಭುಜ ಬಿಗಿ ಹಿಡಿದವನ ಕೈಯಿಂದ ಕಾಳು ಗುರಿ ತಪ್ಪಿ ಗೋಡೆಗೆ ಹಾರುತ್ತದೆ. ಮೇಡಂ ನನ್ನ ಸ್ವರಕ್ಕಿಂತ ಹೆಚ್ಚಾಗಿ ಗೋಡೆಯನ್ನೇ ನೋಡುತ್ತಿದ್ದರು.

ಅವರೆಕಾಯಿ ಕಾಲವೆಲ್ಲ ಹೀಗೇ ಕಳೆಯಿತು. ಅವರ ಮನೆಯಲ್ಲಿ ದಿನಾ ಹಿತಕಿದ ಬೇಳೆ ಸಾರು, ನನ್ನ ಗಂಟಲಿನಲ್ಲಿ ಅದೇ ‘ಮ್’. ನಾನು ಸಂಗೀತ ಕಲಿಯುತ್ತಿದ್ದೇನೋ ಅಡುಗೆಮನೆಗೆ ಆಳಾಗಿ ಸೇರಿದ್ದೇನೋ ಎಂದು ಅಮ್ಮನ ಹತ್ತಿರ ರೇಗಾಡಿದೆ. ಅಮ್ಮ, ನಮ್ಮ ಮನೇಲೂ ಅರ್ಧ ಸೇರು ನೆನೆಸಿದೀನಿ, ಪ್ರಾಕ್ಟೀಸ್ ಮಾಡು ಎಂದರು.

ಇದಕ್ಕಿಂತ ಕಷ್ಟದ್ದು ಇನ್ನೊಂದಿತ್ತು. ಮಿಮಿಕ್ರಿ ಪೂರ್ತಿ ಬಂದ್. ಖಳನಾಯಕನ ಗೊಗ್ಗರು ನಗು, ಅಜ್ಜನ ನಡುಗುವ ಧ್ವನಿ, ಮಗುವಿನ ಅಳು, ಎಲ್ಲದಕ್ಕೂ ಗಂಟಲನ್ನು ಹಿಂಡಬೇಕಾಗುತ್ತಿತ್ತು. ಹಿಂಡುವುದಿದ್ದರೆ ಅವರೆಕಾಳು ಹಿಂಡು ಎಂದುಬಿಟ್ಟಿದ್ದರು ಮೇಡಂ. ಸಂಜೆ ವಿಶ್ವೇಶ್ವರಪುರದ ತಿಂಡಿ ಬೀದಿಯಲ್ಲಿ ಗೆಳೆಯರ ಜೊತೆ ನಿಂತಾಗ ಯಾರಾದರೂ, ಮಾಡೋ ಮಗಾ, ನಮ್ಮ ಪ್ರಿನ್ಸಿಪಾಲ್ ಮಾಡೋ ಎನ್ನುವರು. ಆಗಲ್ಲ ಎಂದು ನಾನು ತಲೆಯಾಡಿಸುವೆ. ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ನನ್ನ ಗೆಳೆಯನಿಗೆ ಮಾತ್ರ ಎಲ್ಲವೂ ಗೊತ್ತಿತ್ತು. ಅವನು ಒಂದು ದಿನ ದೋಸೆ ಮಡಚುತ್ತಾ ಹೇಳಿದ: “ಬೇಜಾರ್ ಮಾಡ್ಕೋಬೇಡ ಗುರು. ಮಿಮಿಕ್ರಿ ಮಾಡ್ದೆ ಇದ್ರೆ ನೀನು ತುಂಬಾ ಬೋರು.” ಬೇಜಾರು ಮಾಡಿಕೊಂಡೆ. ಅವನು ಹೇಳಿದ್ದು ನಿಜವಾದ್ದರಿಂದ ಇನ್ನೂ ಜಾಸ್ತಿ ಮಾಡಿಕೊಂಡೆ.

ಮಂದ್ರ ಗಟ್ಟಿಯಾಯಿತು, ಮಧ್ಯ ಸ್ಥಾಯಿ ಸರಾಗವಾಯಿತು, ಊದಿದ್ದು ಇಳಿದಿದೆ ಎಂದು ಡಾಕ್ಟರ ಕನ್ನಡಿಯೂ ಹೇಳಿತು. ಆದರೆ ಮೇಲಿನ ಷಡ್ಜ ದಾಟಿ ಗಾಂಧಾರದ ಹತ್ತಿರ ಹೋದರೆ ಅದೇ ಹಳ್ಳ, ಅದೇ ಕೋಳಿ. ಮೇಡಂ ನಿಧಾನ ಎಂದರು, ನಿಧಾನ ಮಾಡಿದೆ, ನಿಧಾನವಾಗಿ ಒಡೆಯಿತು. ಬಾಯಿ ತೆರೆ ಎಂದರು, ತೆರೆದೆ, ತೆರೆದ ಬಾಯಲ್ಲಿ ಒಡೆಯಿತು. ಒತ್ತಬೇಡ ಎಂದರು. ಒತ್ತದಿದ್ದರೆ ಧ್ವನಿ ಮೇಲೆ ಹೋಗುವುದೇ ಇಲ್ಲ, ಒತ್ತಿದರೆ ಒಡೆಯುತ್ತದೆ, ನಾನೇನು ಮಾಡಲಿ ಎಂದು ಒಂದು ದಿನ ಕೇಳಿಯೇಬಿಟ್ಟೆ. ಅವರು, ನಂಗೂ ಗೊತ್ತಾಗ್ತಿಲ್ಲ ಕಣೋ ಎಂದರು. ಅವರ ಬಾಯಿಂದ ಅದನ್ನು ಕೇಳಿ ನನಗೆ ನಿಜಕ್ಕೂ ಹೆದರಿಕೆಯಾಯಿತು. ಅವತ್ತಿಗೆ ಯುಗಾದಿ ಕಳೆದಿತ್ತು. ಗಣೇಶನ ಹಬ್ಬ ಓಡಿಕೊಂಡು ಬರುತ್ತಿತ್ತು.

ಅದಾದ ಮೇಲೆ ಒಂದು ಬೆಳಿಗ್ಗೆ ನಾನು ಜಗಳಕ್ಕೆ ನಿಂತವನಂತೆ ಹೋಗಿ ಕೂತೆ. ಗಾಂಧಾರ ಒಡೆಯಿತು. ಮತ್ತೆ ಎಂದರು, ಮತ್ತೆ ಒಡೆಯಿತು. ಅಷ್ಟರಲ್ಲಿ ಕಿಟಕಿಯ ಕೆಳಗೆ ಏರು ಹತ್ತುತ್ತಿದ್ದ ಆಟೋವೊಂದು ಶ್ರುತಿಯನ್ನೂ ನನ್ನನ್ನೂ ಮುಳುಗಿಸಿಬಿಟ್ಟಿತು. ದಿನಾ ಹತ್ತಾರು ಆಟೋ ಹಾಗೇ ಹತ್ತುತ್ತಿದ್ದವು, ನಡುವೆ ಉಸಿರು ಕಟ್ಟಿ ಗೇರ್ ಇಳಿಸಿ ಮತ್ತೆ ಗೊಣಗುತ್ತಾ ಹೋಗುತ್ತಿದ್ದವು. ಮೇಡಂ ಆಟೋ ಹೋಗಲಿ ಎಂದು ಕೈ ತೋರಿಸಿ ಕಾದರು. ಅದು ಹೋದ ಮೇಲೂ ನನಗೆ ಹಾಡಲು ಮನಸ್ಸಿರಲಿಲ್ಲ. ಅವರನ್ನು ರೇಗಿಸಬೇಕೆಂದೇ ಎರಡೂ ತುಟಿ ಸಡಿಲ ಬಿಟ್ಟು, ಬುರ್ರ್ ಎಂದು ಅದೇ ಆಟೋವನ್ನು ಮಾಡಿದೆ. ಕೆಳಗಿನಿಂದ ಹೊರಟು ಏರು ಹತ್ತಿ, ನಡುವೆ ಗೇರ್ ಇಳಿಸಿ, ಮತ್ತೆ ಎಳೆದುಕೊಂಡು ತುದಿ ಮುಟ್ಟಿಸಿದೆ. ತಿಂಗಳುಗಟ್ಟಲೆ ಆದಮೇಲೆ ಮಾಡಿದ ಮಿಮಿಕ್ರಿ. ಬೈಗುಳಕ್ಕೆ ತಯಾರಾಗಿ ಕೂತೆ.

ಮೇಡಂ ಬೈಯಲಿಲ್ಲ. ಅಕ್ಕಿ ಆರಿಸುತ್ತಿದ್ದ ಅವರ ಕೈ ಮೊರದ ಮೇಲೆ ನಿಂತಿತ್ತು.

“ಇನ್ನೊಂದು ಸಲ ಮಾಡು. ಗೇರ್ ಬದಲಾಯಿಸ್ಬೇಡ. ಒಂದೇ ಗೇರಲ್ಲಿ ಹತ್ತಿಸು.”

ಅಣಕಿಸುತ್ತಿದ್ದಾರೆ ಎಂದುಕೊಂಡೆ. ಆದರೂ ಮಾಡಿದೆ. ತುಟಿ ಬುರ್ರ್ ಎನ್ನುತ್ತಲೇ ಧ್ವನಿ ಮಂದ್ರದಿಂದ ಹೊರಟು, ಮಧ್ಯಕ್ಕೆ ಬಂದು, ಮೇಲಿನ ಷಡ್ಜ ದಾಟಿ, ಗಾಂಧಾರ ದಾಟಿ, ಪಂಚಮದವರೆಗೆ ಹೋಗಿಬಿಟ್ಟಿತು. ಎಲ್ಲೂ ಒಡೆಯಲಿಲ್ಲ. ಹಳ್ಳ ಎಲ್ಲಿತ್ತು ಎಂದು ನೋಡಲು ಹಿಂದಕ್ಕೆ ಇಳಿದೆ, ಇಳಿಯುವಾಗಲೂ ಸಿಗಲಿಲ್ಲ. ಮೇಡಂ ಹಾರ್ಮೋನಿಯಂನಲ್ಲಿ ಒಂದೊಂದೇ ಮನೆ ಒತ್ತಿ ನನ್ನ ಆಟೋವನ್ನು ಅಷ್ಟೂ ಸ್ವರಗಳ ಮೇಲೆ ನಿಲ್ಲಿಸಿ ನಿಲ್ಲಿಸಿ ನೋಡಿದರು. ನಿಂತಿತು. ತುಟಿ ನಡುಗುತ್ತಿರುವಾಗ ಗಂಟಲನ್ನು ಬಿಗಿ ಹಿಡಿಯಲು ನನಗೆ ಆಗುತ್ತಲೇ ಇರಲಿಲ್ಲ. ಉಸಿರು ಜಾಸ್ತಿ ಬಿಟ್ಟರೆ ತುಟಿ ನಿಲ್ಲುತ್ತಿತ್ತು, ಕಡಿಮೆ ಬಿಟ್ಟರೂ ನಿಲ್ಲುತ್ತಿತ್ತು. ಮೇಲೆ ಹೋದಂತೆ ಧ್ವನಿ ತಾನಾಗಿಯೇ ಸಣ್ಣಗಾಗುತ್ತಿತ್ತು. ನಾನು ಇಷ್ಟು ದಿನ ಕೆಳಗಿನ ದಪ್ಪವನ್ನು ಮೂಟೆ ಹೊತ್ತ ಹಾಗೆ ಮೇಲಕ್ಕೂ ಹೊತ್ತುಕೊಂಡು ಹೋಗಿ, ತಡೆಯಲಾರದೆ ಗಾಂಧಾರದಲ್ಲಿ ಕೈ ಬಿಡುತ್ತಿದ್ದೆ. ಬಿಡುವುದಿದ್ದರೆ ಮೊದಲಿನಿಂದಲೇ ಸ್ವಲ್ಪ ಸ್ವಲ್ಪವಾಗಿ ಬಿಡುತ್ತಾ ಹೋಗಬೇಕಿತ್ತು.

ಇಲ್ಲಿಗೆ ಕಷ್ಟ ಮುಗಿಯಿತು ಎಂದು ಬರೆಯಲು ನನಗೂ ಆಸೆ. ಆದರೆ ಆಟೋದಲ್ಲಿ ಸಾಹಿತ್ಯ ಇರುವುದಿಲ್ಲ. ತುಟಿಯಲ್ಲಿ ಹತ್ತಿದ ಧ್ವನಿ ಬಾಯಿ ತೆರೆದ ಕೂಡಲೇ ಹಳ್ಳಕ್ಕೆ ಬೀಳುತ್ತಿತ್ತು. ಬುರ್ರ್ ಎಂದು ಶುರು ಮಾಡಿ ನಡುವೆ ‘ಉ’ ಎನ್ನಬೇಕು, ಅದು ನಿಂತರೆ ‘ಓ’, ಅದೂ ನಿಂತರೆ ‘ಆ’. ‘ಉ’ ಬರಲು ಬೇಸಿಗೆ ಮುಗಿಯಿತು. ‘ಆ’ ಒಂದು ದಿನ ಬಂದರೆ ಮೂರು ದಿನ ಬರುತ್ತಿರಲಿಲ್ಲ. ಮನೆಯಲ್ಲಿ ಬೆಳಬೆಳಿಗ್ಗೆ ಬುರ್ರ್ ಎನ್ನುತ್ತಿದ್ದರೆ ಅಪ್ಪ ಪೇಪರಿನ ಹಿಂದಿನಿಂದ, ಮೀಟರ್ ಹಾಕಿದೀಯೇನಪ್ಪಾ ಎಂದು ಕೇಳುತ್ತಿದ್ದರು. ಮನೆ ಮಾಲೀಕರು ನಿಜವಾಗಿಯೂ ಒಂದು ಸಲ ಗೇಟಿನವರೆಗೆ ಬಂದು, ಆಟೋ ಯಾರು ಕರೆಸಿದ್ದು ಎಂದು ವಿಚಾರಿಸಿ ಹೋದರು. ಇಡೀ ಬೀದಿಯನ್ನು ಆಡಿಕೊಂಡಿದ್ದವನನ್ನು ಈಗ ಬೀದಿ ಆಡಿಕೊಳ್ಳುತ್ತಿತ್ತು, ಅದೂ ನನಗಿಂತ ಚೆನ್ನಾಗಿ.

ಹಬ್ಬ ಬಂತು. ವಿಶ್ವೇಶ್ವರಪುರದ ಪೆಂಡಾಲಿನಲ್ಲಿ ಅಣ್ಣ ಮಾತಿಗೆ ತಪ್ಪಲಿಲ್ಲ. ಆದರೆ ಮೊದಲು ಡ್ಯುಯೆಟ್, ಆಮೇಲೆ ನಿನ್ನ ಹಾಡು ಎಂದರು. ನಾನು ಮೊದಲು ಹಾಡು ಎಂದು ಹಟ ಹಿಡಿದೆ. ಅಣ್ಣ ಕೋಟಿನ ಗುಂಡಿ ಹಾಕಿಕೊಳ್ಳುತ್ತಾ, ಜನ ಎದ್ದೋದ್ರೆ ನೀನೇ ಕೂರಿಸ್ಬೇಕು ಎಂದು ಒಪ್ಪಿದರು. ನಾನು ಶ್ರುತಿ ಇಳಿಸಲು ಕೇಳಿದಾಗ ಕೀಬೋರ್ಡಿನ ಗೆಳೆಯ ಕಣ್ಣು ಅರಳಿಸಿದ. ಮೂರರಿಂದ ಒಂದೂವರೆಗಾ, ನಿಂಗೇನಾಯ್ತೋ ಎಂದ. ಅಣ್ಣ ಮೈಕಿನಲ್ಲಿ ನನ್ನ ಹೆಸರು ಹೇಳಿದರು. ಹಿಂದೆ ‘ಮಿಮಿಕ್ರಿ’ ಇರಲಿಲ್ಲ. ಮುಂದೆ ‘ಯುವ ಗಾಯಕ’ ಎಂದೂ ಹಾಕಿದರು.

ಪಲ್ಲವಿ ಹೋಯಿತು, ಚರಣ ಬಂತು. ಆ ಸಾಲು ಹತ್ತಿರವಾದಂತೆ ಕೈ ತಾನಾಗಿಯೇ ಅವರೆಕಾಳು ಹಿತುಕುವಂತೆ ಹೆಬ್ಬೆರಳು ತೋರುಬೆರಳು ಉಜ್ಜುತ್ತಿತ್ತು. ಕೆಳಗಿನಿಂದ ಹೊರಟೆ. ಮಧ್ಯ ದಾಟಿದೆ. ಷಡ್ಜದಲ್ಲಿ ಸ್ವಲ್ಪ ಬಿಟ್ಟೆ, ರಿಷಭದಲ್ಲಿ ಇನ್ನೂ ಸ್ವಲ್ಪ ಬಿಟ್ಟೆ. ಗಾಂಧಾರ ಬಂತು, ಹೋಯಿತು. ನಾನು ಕನಸು ಕಂಡಿದ್ದ ಹಾಗೆ ಗುಡುಗುವ ಧ್ವನಿಯೇನೂ ಅಲ್ಲ, ಸಣ್ಣದಾಗಿ, ಸಾಧಾರಣವಾಗಿ, ಏನೂ ಆಗಿಲ್ಲವೆಂಬಂತೆ ಸಾಲು ತುದಿ ಮುಟ್ಟಿ ಕೆಳಗಿಳಿಯಿತು.

ಯಾರಿಗೂ ಏನೂ ಗೊತ್ತಾಗಲಿಲ್ಲ. ಮುಂದಿನ ಸಾಲಿನ ಒಬ್ಬರು ಪಕ್ಕದವರ ಹತ್ತಿರ ಪ್ರಸಾದ ಎಷ್ಟು ಹೊತ್ತಿಗೆ ಎಂದು ಕೇಳುತ್ತಿದ್ದರು. ಒಂದು ವರ್ಷ ನಾನು ಬಾಯಿ ಮುಚ್ಚಿ, ಗೋಡೆಗೆ ಕಾಳು ಹಾರಿಸಿ, ಬೀದಿಗೆ ಆಟೋ ಆಗಿ ಕಲಿತದ್ದು ಏನೂ ಆಗದಿರುವುದನ್ನು. ಏನೂ ಆಗದಿದ್ದಕ್ಕೆ ಯಾರು ಚಪ್ಪಾಳೆ ತಟ್ಟುತ್ತಾರೆ? ಹಾಡು ಮುಗಿದಾಗ ಎಲ್ಲರಿಗೂ ತಟ್ಟುವಷ್ಟನ್ನೇ ನನಗೂ ತಟ್ಟಿದರು. ಹಿಂದಿನಿಂದ ಯಾರೋ, ಡ್ಯುಯೆಟ್ ಹಾಕು ಗುರು ಎಂದರು.

ಹಾಕಿದೆ. ಗಂಟಲು ಹಿಂಡದೆಯೇ ಆ ಎರಡು ಧ್ವನಿಯೂ ಬರುತ್ತಿದ್ದವು, ಆದ್ದರಿಂದ ತಪ್ಪೇನಿಲ್ಲ ಎಂದುಕೊಂಡೆ. ಬಲಕ್ಕೆ ತಿರುಗಿದೆ, ಎಡಕ್ಕೆ ತಿರುಗಿದೆ. ಆದರೆ ಈಗ ಗಂಡಸಿನ ಧ್ವನಿ ಮೇಲೆ ಹೋದಂತೆ ಮೆಲ್ಲಗೆ ತೆಳುವಾಗಿ ಹೆಂಗಸಿನ ಧ್ವನಿಯೊಳಗೆ ಕೂಡಿಕೊಂಡುಬಿಡುತ್ತಿತ್ತು. ಆ ಕಡೆಯಿಂದ ಈ ಕಡೆಗೆ ಹಾರಲು ಹಳ್ಳವೇ ಉಳಿದಿರಲಿಲ್ಲ. ಜನ ನಗುತ್ತಿದ್ದದ್ದು ಆ ಹಾರುವಿಕೆಗೆ. ಇಬ್ಬರೂ ಒಬ್ಬನೇ ಎಂದು ಕೇಳುತ್ತಿದ್ದರೆ ಅದರಲ್ಲಿ ನಗುವಂಥದ್ದೇನಿದೆ? ಅಲ್ಲೊಂದು ಇಲ್ಲೊಂದು ನಗು ಬಂತು, ಕುರ್ಚಿಯ ಮೇಲೆ ಯಾರೂ ಹತ್ತಲಿಲ್ಲ.

ಕೆಳಗಿಳಿದಾಗ ಅಣ್ಣ ಮೈಕಿನ ಮೇಲೆ ಕೈ ಮುಚ್ಚಿ, ಹಲ್ಲು ಕಚ್ಚಿಕೊಂಡು ಕೇಳಿದರು.

“ಏನೋ ಮಾಡ್ಕೊಂಡೆ ಗಂಟಲಿಗೆ? ಚೆನ್ನಾಗಿತ್ತಲ್ಲೋ.”

ನನಗೆ ಅಳು ಬರುವಷ್ಟು ಸಿಟ್ಟು ಬಂತು. ಅಣ್ಣನ ಮೇಲೋ, ಮೇಡಂ ಮೇಲೋ, ಪ್ರಸಾದ ಕೇಳಿದವರ ಮೇಲೋ ತಿಳಿಯಲಿಲ್ಲ. ಗೆಳೆಯ ಕೀಬೋರ್ಡಿಗೆ ಬಟ್ಟೆ ಮುಚ್ಚುತ್ತಾ, ಆ ಸಾಲು ಚೆನ್ನಾಗ್ ಬಂತು ಎಂದ. ಅವನು ಸುಮ್ಮನೆ ಸಮಾಧಾನಕ್ಕೆ ಹೇಳುತ್ತಿದ್ದಾನೆ ಎಂದು ಅವನ ಮೇಲೂ ರೇಗಿದೆ.

ಮರುದಿನ ಎದ್ದು, ಎಂದಿನಂತೆ ಮಾತಾಡದೆ ಹಾಲಿನ ಬೂತಿಗೆ ಹೋದೆ. ಪ್ರೋಗ್ರಾಮಿನ ಮರುದಿನ ನಾನು ಬೆರಳು ತೋರಿಸಿಯೇ ಪ್ಯಾಕೆಟ್ ತೆಗೆದುಕೊಳ್ಳುತ್ತಿದ್ದದ್ದು ಬೂತಿನವರಿಗೂ ಅಭ್ಯಾಸವಾಗಿತ್ತು. ಅವತ್ತು ಅವರು ಬೇರೆ ಕಡೆ ತಿರುಗಿದ್ದರು. ಬೇರೆ ದಾರಿಯಿಲ್ಲದೆ, ಎರಡು ಪ್ಯಾಕೆಟ್ ಕೊಡಿ ಎಂದೆ. ಧ್ವನಿ ಇತ್ತು. ಹಿಂದಿನ ದಿನ ಎಲ್ಲಿ ಬಿಟ್ಟಿದ್ದೆನೋ ಅಲ್ಲೇ ಇತ್ತು, ಕೆರೆತವಿಲ್ಲ, ಒಡಕಿಲ್ಲ. ಲೈಟ್ ಬಿಲ್ ಕ್ಯೂನಲ್ಲಿ ನಿಂತ ಯಾರದಾದರೂ ಆಗಬಹುದಾಗಿದ್ದ ಅದೇ ಧ್ವನಿ. ಅವರು ಪ್ಯಾಕೆಟ್ ಕೊಟ್ಟು ಮುಂದಿನವರ ಕಡೆ ನೋಡಿದರು.

ಗವಿಪುರಂ ಏರು ಹತ್ತಿಕೊಂಡು ಹೋದೆ. ಮೇಡಂ ಬಾಗಿಲಲ್ಲೇ ಕೇಳಿದರು. “ಗಂಟಲು ನೋಯ್ತಿದೆಯಾ?”

“ಇಲ್ಲ ಮೇಡಂ.”

“ನಾನೂ ಬಂದಿದ್ದೆ ನಿನ್ನೆ. ಹಿಂದುಗಡೆ ನಿಂತಿದ್ದೆ.”

ನಾನು ಕಾದೆ. ಇಡೀ ವಿಶ್ವೇಶ್ವರಪುರದಲ್ಲಿ ಆ ಗಾಂಧಾರವನ್ನು ಕೇಳಿಸಿಕೊಳ್ಳಬಲ್ಲವರು ಇವರೊಬ್ಬರೇ. ಅವರು ಒಳಗೆ ಹೋಗಿ ಚಾಪೆ ಹಾಸಿದರು, ಹಾರ್ಮೋನಿಯಂನ ಮುಸುಕು ತೆಗೆದರು, ಒಂದೂವರೆ ಮನೆಯ ಮೇಲೆ ಬೆರಳಿಟ್ಟರು.

“ಗಾಂಧಾರಕ್ಕೆ ಹೋಗೋವಾಗ ಗದ್ದ ಮೇಲೆತ್ತಿದೆ. ಯಾಕೆ? ಅಲ್ಲೇನು ಗೋಡೆ ಇದೆಯಾ ಇಣುಕಿ ನೋಡೋಕೆ? ಕೂತ್ಕೋ. ಮೊದಲಿಂದ.”

ಕೂತೆ. ತುಟಿ ಸಡಿಲ ಬಿಟ್ಟು ಆಟೋ ಸ್ಟಾರ್ಟ್ ಮಾಡಿದೆ. ಆ ಗದ್ದ ಈಗಲೂ ಒಂದೊಂದು ದಿನ ಎದ್ದುಬಿಡುತ್ತದೆ.